ಶಾಫಾನಿನ ಮೆಲುಕು

ಒಂದು ಪ್ರಾಣಿಯ ಹೆಸರು ಒಂದು ಜನಾಂಗದ ಬಾಯಲ್ಲಿ ಎರಡು ಸಾವಿರ ವರ್ಷಗಳ ಕಾಲ ಉಳಿದು, ಆ ಪ್ರಾಣಿ ಮಾತ್ರ ಅವರ ಕಣ್ಣಿಗೆ ಕಾಣದೆ ಹೋದರೆ ಏನಾಗಬಹುದು? ಹೆಸರು ಬೇರೊಂದು ಮೈಯನ್ನು ಹುಡುಕಿಕೊಂಡು ಅದರಲ್ಲಿ ಸೇರಿಕೊಳ್ಳುವುದು. ಈ ಸಂಗತಿಯನ್ನು ನಾನು ಜೆರುಸಲೇಮ್ ನಗರದಲ್ಲಿ ಒಬ್ಬ ವೃದ್ಧ ಉಪಾಧ್ಯಾಯರ ಸೇವೆಯಲ್ಲಿದ್ದ ನಾಲ್ಕು ವರ್ಷಗಳಲ್ಲಿ ತಿಳಿದುಕೊಂಡೆನು. ಅದರೊಡನೆ, ನಾನೇ ಉಪಾಧ್ಯಾಯನಾಗಿದ್ದಾಗ ಮಾಡಿದ ಒಂದು ತಪ್ಪೂ ನನಗೆ ಅಲ್ಲಿಯೇ ಅರಿವಾಯಿತು. ಇವೆರಡನ್ನೂ ನಮ್ಮ ಸಭೆಯ ವಾಚಕಮಹಾಶಯರ ಮುಂದಿಡಬೇಕೆಂದು ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ನಾನು ಉಡುಪಿಯ ಸಮೀಪದ ಒಂದು ಹಳ್ಳಿಯ ಶಾಲೆಯಲ್ಲಿ ಹನ್ನೊಂದು ವರ್ಷ ಕನ್ನಡ ಪಾಠ ಹೇಳಿದವನು. ಮನೆಯ ಮೇಲಿನ ಸಾಲವು ಸಂಬಳಕ್ಕಿಂತ ವೇಗವಾಗಿ ಬೆಳೆಯುತ್ತಿದ್ದುದರಿಂದ 2011ರಲ್ಲಿ ಇಸ್ರೇಲಿಗೆ ಹೊರಟೆನು. ನಮ್ಮ ಕರಾವಳಿಯಿಂದ ಎಷ್ಟೋ ಮಂದಿ ಸ್ತ್ರೀಪುರುಷರು ಅಲ್ಲಿಯ ವೃದ್ಧರ ಆರೈಕೆಗಾಗಿ ಹೋಗಿರುವುದು ವಾಚಕರಿಗೆ ತಿಳಿದ ವಿಷಯವೇ. ಹಳಗನ್ನಡ ಪದ್ಯಗಳನ್ನು ಬಿಡಿಸಿ ಹೇಳುತ್ತಿದ್ದವನು ಪರರಿಗೆ ಸ್ನಾನ ಮಾಡಿಸುವ ಕೆಲಸಕ್ಕೆ ನಿಂತಾಗ ಮೊದಮೊದಲು ಮನಸ್ಸು ಕುಗ್ಗಿತು. ಆ ಮನೆಯ ಯಜಮಾನರೂ ನನ್ನಂತೆಯೇ ಪಾಠ ಹೇಳಿದವರೆಂದು ತಿಳಿದ ಮೇಲೆ ಸಂಕೋಚವು ಕ್ರಮೇಣ ಕಡಿಮೆಯಾಯಿತು.

ಅವರಿಗೆ ಆಗ ಎಂಬತ್ತನಾಲ್ಕು ವರ್ಷ. ಪೋಲೆಂಡ್ ದೇಶದಲ್ಲಿ ಹುಟ್ಟಿ, 1935ರಲ್ಲಿ ಎಂಟು ವರ್ಷದ ಬಾಲಕರಾಗಿ ತಂದೆತಾಯಿಗಳೊಡನೆ ಜೆರುಸಲೇಮಿಗೆ ಬಂದವರು. ಜೀವಮಾನವೆಲ್ಲ ಚಿಕ್ಕ ಹುಡುಗರಿಗೆ ತೋರಾ ಕಲಿಸಿದವರು. ತೋರಾ ಎಂದರೆ ಮೋಶೆಯ ಐದು ಗ್ರಂಥಗಳು. ಯೆಹೂದ್ಯರ ಧರ್ಮಕ್ಕೆಲ್ಲ ಅವೇ ಮೂಲ. ಊರಿನವರೆಲ್ಲರೂ ಅವರನ್ನು 'ರೆಬ್ಬೆ' ಎಂದು ಕರೆಯುತ್ತಿದ್ದರು. ನಾನು 'ಸಾಬಾ', ಅಂದರೆ ಅಜ್ಜ, ಎನ್ನುತ್ತಿದ್ದೆನು. ಅವರು ನನ್ನನ್ನು ಮಗನೇ ಎಂದು ಕರೆಯುತ್ತಿದ್ದರು. ಕಾಲುಗಳು ಸೋತಿದ್ದರೂ ಕಂಠವು ಸೋತಿರಲಿಲ್ಲ. ವಾರಕ್ಕೆರಡು ಸಾಯಂಕಾಲ ನೆರೆಹೊರೆಯ ಹನ್ನೊಂದು ಮಂದಿ ಹುಡುಗರು ಅವರ ಮನೆಗೆ ಬಂದು, ತೋರಾದಲ್ಲಿ ಹೇಳಿರುವ ಮೃಗಪಕ್ಷಿಗಳ ವಿಷಯವನ್ನು ಕಲಿಯುತ್ತಿದ್ದರು. ನಾನು ಅವರ ಗಾಲಿಕುರ್ಚಿಯ ಹಿಂದೆ ಕುಳಿತು ಕೇಳುತ್ತಿದ್ದೆನು. ನನಗೆ ಹೀಬ್ರೂ ಭಾಷೆ ಬಂದದ್ದು ಬಹುಮಟ್ಟಿಗೆ ಆ ಪಾಠಗಳಿಂದಲೇ.

ಆ ನೆರೆಹೊರೆಯವರು ಬಹಳ ಆಚಾರನಿಷ್ಠರು. ಹುಡುಗರು ಬೆಳಗಿನಿಂದ ಸಾಯಂಕಾಲದವರೆಗೂ ಧರ್ಮಗ್ರಂಥಗಳನ್ನೇ ಓದುವರು. ಪ್ರಕೃತಿಶಾಸ್ತ್ರಕ್ಕೆ ಅವರ ಶಾಲೆಯಲ್ಲಿ ಹೆಚ್ಚಿನ ಅವಕಾಶವಿಲ್ಲ. ಹಾಗೆಂದು ಅವರ ಧರ್ಮವು ಪ್ರಕೃತಿಗೆ ಬೆನ್ನುಹಾಕಿದೆಯೆಂದು ತಿಳಿಯಬಾರದು. ವಸಂತದಲ್ಲಿ ಹಣ್ಣಿನ ಮರವು ಹೂಬಿಟ್ಟುದನ್ನು ಕಂಡರೆ ಹೇಳಬೇಕಾದ ಸ್ತೋತ್ರವುಂಟು, ಮಿಂಚನ್ನು ಕಂಡರೆ ಬೇರೊಂದುಂಟು. ಆನೆಯನ್ನೋ ಕೋತಿಯನ್ನೋ ಕಂಡರೆ, ಇಷ್ಟು ವಿಚಿತ್ರವಾದ ಜೀವಿಗಳನ್ನು ನಿರ್ಮಿಸಿದ ದೇವರನ್ನು ಕೊಂಡಾಡುವ ಮಂತ್ರವೂ ಇದೆ. ಜೆರುಸಲೇಮಿನಲ್ಲಿ ಬೈಬಲ್ ಮೃಗಾಲಯವೆಂಬುದೊಂದಿದೆ. ಪ್ರಾಣಿಶಾಸ್ತ್ರಜ್ಞರಾದ ಅಹರೋನ್ ಶೂಲೊವ್ ಎಂಬವರು 1940ರಲ್ಲಿ ಅದನ್ನು ಸಣ್ಣದಾಗಿ ಪ್ರಾರಂಭಿಸಿದರು. ಹಲವು ಸಲ ಸ್ಥಳ ಬದಲಾಯಿಸಿ 1993ರಿಂದ ಈಗಿರುವ ಕಣಿವೆಯಲ್ಲಿ ನೆಲೆಗೊಂಡಿದೆ. ತೋರಾದಲ್ಲಿ ಹೆಸರಿರುವ ಪ್ರಾಣಿಗಳ ಬಳಿ ಆಯಾ ವಚನಗಳನ್ನು ಬರೆದ ಫಲಕಗಳಿವೆ. ಹಬ್ಬದ ರಜೆಯಲ್ಲಿ ಆಚಾರನಿಷ್ಠರ ಕುಟುಂಬಗಳು ಅಲ್ಲಿ ಕಿಕ್ಕಿರಿದಿರುತ್ತವೆ. ನಾವು ಮೊದಲ ಸಲ ಹೋದಾಗ, ನಮ್ಮ ಕಡೆಯ ದೇವಸ್ಥಾನಗಳಲ್ಲಿ ನಾನು ಕಂಡುಬಂದಂಥ ಆನೆಯ ಮುಂದೆ ಹನ್ನೊಂದು ಹುಡುಗರು ಸಾಲಾಗಿ ನಿಂತು ಆ ಮಂತ್ರವನ್ನು ಹೇಳಿದರು. ಆನೆಯನ್ನು ಕಂಡು ಅಷ್ಟು ಬೆರಗಾಗುವುದನ್ನು ನಾನು ಎಂದೋ ಮರೆತುಬಿಟ್ಟಿದ್ದೆನು.

ಹೆಸರುಗಳ ಕಥೆಯನ್ನು ರೆಬ್ಬೆಯವರು ತಮ್ಮ ತಂದೆಯ ಹೆಸರಿನಿಂದಲೇ ಪ್ರಾರಂಭಿಸುತ್ತಿದ್ದರು. ಅವರ ತಂದೆಯ ಹೆಸರು ತ್ಸ್ವೀ ಹಿರ್ಷ್. ಯೂರೋಪಿನ ಯೆಹೂದ್ಯರಲ್ಲಿ ಹೀಬ್ರೂ ಹೆಸರಿಗೆ ಯಿದ್ದಿಷ್ ಭಾಷೆಯ ಅರ್ಥವನ್ನು ಜೋಡಿಸುವ ಪದ್ಧತಿಯಿದ್ದಿತು. ಅರ್ಯೇ ಲೇಯ್ಬ್ ಎಂದರೆ ಎರಡು ಸಲ ಸಿಂಹ, ಜೆಏವ್ ವೂಲ್ಫ್ ಎಂದರೆ ಎರಡು ಸಲ ತೋಳ. ಆದರೆ ತ್ಸ್ವೀ ಹಿರ್ಷ್ ಎಂಬಲ್ಲಿ ಎರಡು ಬೇರೆಬೇರೆ ಪ್ರಾಣಿಗಳು ಸೇರಿಕೊಂಡಿವೆ. ಹಿರ್ಷ್ ಎಂಬುದು ಉತ್ತರದ ಕಾಡುಗಳ ಕವಲುಗೊಂಬಿನ ಸಾರಂಗ. ಅದರ ಕೊಂಬು ವರ್ಷಕ್ಕೊಮ್ಮೆ ಉದುರುವುದು. ತೋರಾದ ತ್ಸ್ವೀ ಎಂಬುದು ಕವಲಿಲ್ಲದ, ಉದುರದ ಕೊಂಬುಳ್ಳ ಹುಲ್ಲೆ. ಬಾಗಲಕೋಟೆಯ ಕಡೆ ಕಾಣುವ ನಮ್ಮ ಚಿಂಕಾರದ ಹತ್ತಿರದ ಬಳಗ. ಹುಲ್ಲೆಯಿಲ್ಲದ ದೇಶದಲ್ಲಿ ಹುಲ್ಲೆಯ ಹೆಸರು ಸಾರಂಗವನ್ನು ಸೇರಿಕೊಂಡಿತು. "ನನ್ನ ತಂದೆ ಐವತ್ತು ವರ್ಷ ಆ ಹೆಸರನ್ನು ಹೊತ್ತರು. ಜೆರುಸಲೇಮಿನ ಹೊರಗೆ ಒಂದು ಹುಲ್ಲೆ ಓಡಿದಾಗ ಇದಾವ ಪ್ರಾಣಿಯೆಂದು ಅವರೇ ಒಬ್ಬ ಅರಬ ಕುರುಬನನ್ನು ಕೇಳಿದರು" ಎಂದು ರೆಬ್ಬೆಯವರು ನಗುತ್ತ ಹೇಳುತ್ತಿದ್ದರು.

ನೆಶೆರ್ ಎಂಬ ಪಕ್ಷಿಯದೂ ಇದೇ ಕಥೆ. ದೇವರು ತನ್ನ ಜನರನ್ನು ಅದರ ರೆಕ್ಕೆಗಳ ಮೇಲೆ ಹೊತ್ತು ತಂದನೆಂದು ತೋರಾ ಹೇಳುವುದರಿಂದ ಯೂರೋಪಿನವರು ಅದನ್ನು ರಾಜಮುದ್ರಿಕೆಗಳ ಗರುಡವೆಂದೇ ಬಗೆದರು. ಆದರೆ ಪ್ರವಾದಿ ಮೀಕನು ನೆಶೆರಿನ ಬೋಳುತಲೆಯ ಮಾತನ್ನೆತ್ತುತ್ತಾನೆ. ಬೋಳುತಲೆ ಗರುಡನಿಗೆಲ್ಲಿಯದು? ಅದು ರಣಹದ್ದು. ವಿಷ ಬೆರೆತ ಹೆಣಗಳನ್ನು ತಿಂದು ಅಲ್ಲಿಯ ರಣಹದ್ದುಗಳು ಬಹಳ ಕಡಿಮೆಯಾಗಿರುವುದರಿಂದ ಮೃಗಾಲಯದವರು ಅವುಗಳ ಮರಿಮಾಡಿಸುವ ಕಾರ್ಯದಲ್ಲಿ ಪಾಲುಗೊಂಡಿದ್ದಾರೆ. ಹೆಣ ತಿನ್ನುವ ಹಕ್ಕಿಯನ್ನು ದೇವರ ವಾತ್ಸಲ್ಯಕ್ಕೆ ಹೋಲಿಸಬಹುದೇ ಎಂದು ಹುಡುಗರು ಮುಖ ಸಿಂಡರಿಸಿದರೆ, "ಅದು ಮರಿಯನ್ನು ಸಾಕುವುದನ್ನು ನೋಡಿ ಬಂದು ಆಮೇಲೆ ಕೇಳಿರಿ" ಎನ್ನುವರು.

ಪಾಠದಲ್ಲಿ ದಯೆಯ ವಿಧಿಗಳಿಗೆ ವಿಶೇಷ ಸ್ಥಾನವಿದ್ದಿತು. ತೆನೆ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಬಾರದು. ಹಗೆಯವನ ಕತ್ತೆಯಾದರೂ ಹೊರೆಯಡಿ ಬಿದ್ದಿದ್ದರೆ ಸಹಾಯಮಾಡಬೇಕು. ಗೂಡಿನಿಂದ ಮರಿಯನ್ನೋ ಮೊಟ್ಟೆಯನ್ನೋ ತೆಗೆಯುವಾಗ ತಾಯಿಹಕ್ಕಿಯನ್ನು ಹಿಡಿಯದೆ ಬಿಟ್ಟುಕಳುಹಿಸಬೇಕು. ಸಬ್ಬತ್ತಿನ ವಿಶ್ರಾಂತಿಯು ಎತ್ತುಕತ್ತೆಗಳಿಗೂ ಸಲ್ಲಬೇಕು. ಸಾಕಿದ ಪ್ರಾಣಿಗೆ ಮೇವು ಹಾಕದೆ ಒಡೆಯನು ಊಟಕ್ಕೆ ಕೂರಬಾರದೆಂದು ಹಿರಿಯರು ವಿಧಿಸಿದ್ದಾರೆ. ಎಲ್ಲ ಊರಿನ ಹುಡುಗರಂತೆ ಇವರೂ ಬೀದಿಯ ಬೆಕ್ಕುಗಳಿಗೆ ಕಲ್ಲೆಸೆಯುವವರೇ. ಅದನ್ನು ಕಂಡ ದಿನ ರೆಬ್ಬೆಯವರು ಗದರಿಸಲಿಲ್ಲ. ಹುಡುಗರಿಗಾಗಿ ತರಿಸಿದ್ದ ರೊಟ್ಟಿಯನ್ನು ಮೇಜಿನ ಮೇಲಿಟ್ಟು, ಬೆಕ್ಕುಗಳು ತಿಂದ ಮೇಲೆ ತಿನ್ನಬಹುದೆಂದರು. ಅಂದಿನಿಂದ ಅದೇ ನಿಯಮವಾಯಿತು.

ನನ್ನಿಂದಲೂ ಆ ಪಾಠಕ್ಕೆ ಒಂದು ಸಣ್ಣ ಕಾಣಿಕೆ ಸಂದಿತು. ಸೊಲೊಮೋನ್ ರಾಜನ ಹಡಗುಗಳು ಬಂಗಾರ, ದಂತ, ಕೋತಿಗಳೊಡನೆ ತಂದ 'ತುಕ್ಕಿ' ಎಂಬ ಹಕ್ಕಿಯು ನವಿಲೆಂದೂ, ಆ ಶಬ್ದವು ತಮಿಳಿನ 'ತೋಗೈ' ಎಂಬುದರಿಂದ ಹೋಗಿರಬೇಕೆಂದೂ ಹಲವು ವಿದ್ವಾಂಸರ ಅಭಿಪ್ರಾಯ. ನಮ್ಮ ಹಳೆಯ ಕನ್ನಡದಲ್ಲಿಯೂ ತೋಕೆ ಎಂದರೆ ಬಾಲವೆಂದು ನಾನು ಹೇಳಿದಾಗ ರೆಬ್ಬೆಯವರು ಹುಡುಗರೆದುರಿಗೆ ಮೂರು ಸಲ ಹೇಳಿಸಿದರು. "ನೋಡಿರಿ, ಈತನ ಊರಿನ ಕಡೆಯ ಮಾತು ನಮ್ಮ ಗ್ರಂಥದಲ್ಲಿ ಕುಳಿತಿದೆ" ಎಂದರು. ಆ ದೇಶಕ್ಕೆ ಹೋದ ಮೇಲೆ ನಾನು ಮಾಸ್ತರನೆಂದು ಅನ್ನಿಸಿದ್ದು ಅದೊಂದೇ ಸಾಯಂಕಾಲ.

ಇನ್ನು ಶಾಫಾನಿನ ಸಂಗತಿ. ತಿನ್ನಬಹುದಾದ ಮೃಗಕ್ಕೆ ತೋರಾ ಎರಡು ಲಕ್ಷಣಗಳನ್ನು ಹೇಳುತ್ತದೆ: ಗೊರಸು ಸೀಳಿರಬೇಕು, ಮೆಲುಕುಹಾಕಬೇಕು. ಒಂದೇ ಲಕ್ಷಣವುಳ್ಳ ನಾಲ್ಕು ಪ್ರಾಣಿಗಳನ್ನು ಹೆಸರಿಸಿ ನಿಷೇಧಿಸುತ್ತದೆ. ಹಂದಿಗೆ ಗೊರಸು ಸೀಳಿದೆ, ಮೆಲುಕಿಲ್ಲ. ಒಂಟೆ, ಶಾಫಾನ್, ಮೊಲ ಇವು ಮೆಲುಕುಹಾಕಿದರೂ ಗೊರಸು ಸೀಳಿಲ್ಲವೆಂದು ಅದರ ಮಾತು. ಹಳೆಯ ಸಂಪ್ರದಾಯದಂತೆ ಮಕ್ಕಳ ಓದು ಲೇವ್ಯಕಾಂಡದಿಂದಲೇ ಮೊದಲಾಗುವುದರಿಂದ ಹುಡುಗರಿಗೆ ಈ ಹೆಸರು ಬಹಳ ಬೇಗ ಪರಿಚಯವಾಗುವುದು. ಶಾಫಾನ್ ಎಂಬುದು ಬಂಡೆಗಳ ಸಂದಿನಲ್ಲಿ ಗುಂಪಾಗಿ ವಾಸಿಸುವ, ಬಾಲವಿಲ್ಲದ, ಮೊಲದಷ್ಟೇ ದೊಡ್ಡದಾದ ಕಂದುಬಣ್ಣದ ಪ್ರಾಣಿ. ನೋಡಲು ಹೆಗ್ಗಣದಂತಿದ್ದರೂ ವಂಶದಿಂದ ಆನೆಗೆ ಹತ್ತಿರದ ನೆಂಟ. ಯೂರೋಪಿನಲ್ಲಿ ಅದಿಲ್ಲದ್ದರಿಂದ ಅಲ್ಲಿ ಶಾಫಾನನ್ನು ಮೊಲದ ಜಾತಿಯದೆಂದು ತಿಳಿದರು. ಇಂದಿಗೂ ಹೀಬ್ರೂ ಆಡುಮಾತಿನಲ್ಲಿ ಸಾಕುಮೊಲವನ್ನು ಶಾಫಾನ್ ಎನ್ನುವುದುಂಟು. ಆದರೆ ಈಜಿಪ್ಟಿನಲ್ಲಿ ಹುಟ್ಟಿದ ಸಾದ್ಯಾ ಗಾಓನ್ ಎಂಬ ಮಹಾಪಂಡಿತರು ಹತ್ತನೆಯ ಶತಮಾನದಲ್ಲಿ ತಮ್ಮ ಅರಬಿ ಅನುವಾದದಲ್ಲಿ ಬಂಡೆಯ ಪ್ರಾಣಿಯ ಸರಿಯಾದ ಹೆಸರನ್ನೇ, 'ವಬ್ರ್' ಎಂದು, ಬರೆದರು. ಪ್ರಾಣಿ ಇದ್ದಲ್ಲಿ ಹೆಸರೂ ತಪ್ಪಿರಲಿಲ್ಲ.

2013ರ ವಸಂತದಲ್ಲಿ, ಪೆಸಹ ಹಬ್ಬಕ್ಕೆ ಕೆಲವು ದಿನ ಮುಂಚೆ, ರೆಬ್ಬೆಯವರು ಹುಡುಗರನ್ನು ಎನ್ ಗೆದಿ ಎಂಬಲ್ಲಿಗೆ ಕರೆದೊಯ್ದರು. ಅದು ಮೃತ ಸಮುದ್ರದ ದಡದಲ್ಲಿರುವ ನೀರಿನ ತಾಣ. ಭೂಮಿಯ ಮೇಲೆ ಅಷ್ಟು ತಗ್ಗಾದ ದಡ ಬೇರೆಲ್ಲಿಯೂ ಇಲ್ಲ, ಕಡಲಮಟ್ಟಕ್ಕಿಂತ 400 ಮೀಟರಿಗೂ ಕೆಳಗಿದೆ. ಬಂಡೆಗಳ ನಡುವೆ ಬಾಗುಗೊಂಬಿನ ಬೆಟ್ಟದ ಆಡುಗಳೂ ಶಾಫಾನುಗಳೂ ಒಟ್ಟಿಗೆ ಕಾಣುತ್ತವೆ. ಕೀರ್ತನೆಗಳಲ್ಲಿಯೂ ಈ ಎರಡನ್ನು ಒಟ್ಟಿಗೆ ಸ್ಮರಿಸಲಾಗಿದೆ. ಹುಡುಗರಿಗೆ ಅವರು ಕೊಟ್ಟ ಆಜ್ಞೆ ಒಂದೇ: ಒಂದು ಗಂಟೆ ಮಾತಾಡದೆ ನೋಡಬೇಕು, ಕಂಡದ್ದನ್ನು ಬರೆಯಬೇಕು.

ಗಂಟೆ ಕಳೆದ ಮೇಲೆ ಒಂಬತ್ತು ವರ್ಷದ ಒಬ್ಬ ಹುಡುಗನು ಎದ್ದು ನಿಂತನು. "ರೆಬ್ಬೆ, ಆ ನೆರಳಿನಲ್ಲಿ ಮಲಗಿರುವ ಆಡಿನ ಕುತ್ತಿಗೆಯಲ್ಲಿ ಉಂಡೆಯೊಂದು ಮೇಲಕ್ಕೇರುವುದು ಕಾಣುತ್ತದೆ. ಆಮೇಲೆ ಅದು ಅಗಿಯುತ್ತದೆ, ನುಂಗುತ್ತದೆ, ಮತ್ತೆ ಉಂಡೆ ಏರುತ್ತದೆ. ಶಾಫಾನ್ ಸುಮ್ಮನೆ ದವಡೆ ಆಡಿಸುತ್ತದೆ. ಉಂಡೆ ಏರುವುದಿಲ್ಲ. ಅದು ಮೆಲುಕುಹಾಕುವುದಿಲ್ಲ" ಎಂದನು.

ಉಳಿದ ಹುಡುಗರು ತಲೆತಗ್ಗಿಸಿದರು. ನನಗೂ ಎದೆ ಡವಗುಟ್ಟಿತು. ಕಾರಣವನ್ನು ವಾಚಕರಿಗೆ ತಿಳಿಸಬೇಕು. ನತಾನ್ ಸ್ಲಿಫ್ಕಿನ್ ಎಂಬ ರಬ್ಬಿಯವರು ತೋರಾ ಮತ್ತು ಪ್ರಾಣಿಶಾಸ್ತ್ರಗಳ ಸಂಬಂಧವನ್ನು ಕುರಿತು ಬರೆದವರು. ಒಂಟೆ, ಮೊಲ, ಶಾಫಾನುಗಳ ಮೇಲೆಯೇ ಒಂದು ಗ್ರಂಥವನ್ನು ರಚಿಸಿದ್ದರು. 2004-05ರಲ್ಲಿ ಆಚಾರನಿಷ್ಠರ ಹಿರಿಯ ರಬ್ಬಿಗಳನೇಕರು ಅದೂ ಸೇರಿ ಅವರ ಮೂರು ಪುಸ್ತಕಗಳನ್ನು ಯಾರೂ ಓದಬಾರದೆಂದು ಪ್ರಕಟನೆ ಹೊರಡಿಸಿದರು. ಪೂರ್ವಿಕರ ಮಾತಿನಲ್ಲಿ ಲೋಕಜ್ಞಾನದ ವಿಷಯವಾಗಿಯಾದರೂ ತಪ್ಪಿರಬಹುದೆಂಬುದನ್ನು ಒಪ್ಪಲು ಅವರು ಸಿದ್ಧರಿರಲಿಲ್ಲ. ಆ ನೆರೆಹೊರೆಯಲ್ಲಿ ಅದನ್ನು ಯಾರೂ ಮರೆತಿರಲಿಲ್ಲ. ಅಲ್ಲಿ ಶಾಲೆ, ಮದುವೆ, ನೆರೆಯವರ ಗೌರವ ಎಲ್ಲವೂ ಒಂದೇ ನೂಲಿನಲ್ಲಿ ಹೆಣೆದುಕೊಂಡಿವೆ. ರೆಬ್ಬೆಯವರ ಮೊಮ್ಮಕ್ಕಳಿಗೆ ಇನ್ನೂ ಮದುವೆಯಾಗಬೇಕಾಗಿದ್ದಿತು.

ರೆಬ್ಬೆಯವರು ಸ್ವಲ್ಪ ಹೊತ್ತು ಕಣ್ಣುಮುಚ್ಚಿದ್ದು ಹೀಗೆಂದರು: "ನೀನು ಚೆನ್ನಾಗಿ ನೋಡಿದೆ. ಕಂಡದ್ದನ್ನು ಅಳಿಸಬೇಡ. ಶಾಫಾನನ್ನು ತಿನ್ನಬಾರದೆಂಬ ವಿಧಿಯು ಇದರಿಂದ ಅಲುಗುವುದಿಲ್ಲ. ಅದರ ಗೊರಸು ಸೀಳಿಲ್ಲವಷ್ಟೆ. ಆದರೆ ವಚನದ ಅರ್ಥವೇನು? ದವಡೆಯಾಡುವುದನ್ನು ಕಂಡವರ ಕಣ್ಣಿಗೆ ತೋರಿದಂತೆ ತೋರಾ ಮನುಷ್ಯರ ಮಾತಿನಲ್ಲಿ ಹೇಳಿದೆಯೆಂದು ಕೆಲವರು. ಮೊಲವು ತಾನು ಹಾಕಿದ ಮೆತ್ತನೆಯ ಹಿಕ್ಕೆಯನ್ನೇ ಮತ್ತೆ ತಿನ್ನುವುದರಿಂದ ಅದನ್ನೂ ಒಂದು ಬಗೆಯ ಮೆಲುಕೆಂದು ಕರೆದಿರಬಹುದೆಂದು ಮತ್ತೆ ಕೆಲವರು. ಶಾಫಾನಿಗೆ ಆ ಮಾತು ಒಪ್ಪುವುದಿಲ್ಲ. ಇದು ಶಾಫಾನೇ ಅಲ್ಲವೆಂದು ಇನ್ನು ಕೆಲವರು. ಇವುಗಳಲ್ಲಿ ಯಾವುದೂ ನನಗೆ ಪೂರ್ಣ ಸಮಾಧಾನವನ್ನು ಕೊಟ್ಟಿಲ್ಲ. ನನಗೆ ತಿಳಿಯದು. ತಿಳಿಯದೆಂದು ಹೇಳಲು ನಾಲಗೆಗೆ ಕಲಿಸಬೇಕೆಂದು ತಾಲ್ಮೂದಿನ ಹಿರಿಯರೇ ಹೇಳಿದ್ದಾರೆ."

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನನ್ನ ಶಾಲೆಯ ಒಂದು ದಿನ ನೆನಪಿಗೆ ಬಂದಿತು. ಹಾಲುನೀರನ್ನು ಬೇರ್ಪಡಿಸಿ ಹಾಲನ್ನೇ ಕುಡಿಯುವ ಹಂಸದ ಪದ್ಯವನ್ನು ಆರನೆಯ ತರಗತಿಗೆ ಹೇಳಿದ್ದೆನು. ಮರುದಿನ ಒಬ್ಬ ಹುಡುಗನು ಎದ್ದು, ತನ್ನ ಮನೆಯ ಹೆಬ್ಬಾತಿಗೆ ಹಾಲುನೀರು ಬೆರಸಿ ಇಟ್ಟುದಾಗಿಯೂ, ಅದು ಎರಡನ್ನೂ ಕುಡಿದುಬಿಟ್ಟಿತೆಂದೂ ತಿಳಿಸಿದನು. ತರಗತಿ ಗೊಳ್ಳೆಂದು ನಕ್ಕಿತು. ಕವಿಸಮಯವೆಂದರೇನೆಂದು ಹೇಳಿಕೊಡಲು ಅದಕ್ಕಿಂತ ಒಳ್ಳೆಯ ಸಂದರ್ಭ ನನಗೆ ಸಿಕ್ಕುತ್ತಿರಲಿಲ್ಲ. ನಾನಾದರೋ ಅವನನ್ನು ಅಧಿಕಪ್ರಸಂಗಿಯೆಂದು ಗದರಿಸಿ ಗಂಟೆ ಹೊಡೆಯುವವರೆಗೂ ಬೆಂಚಿನ ಮೇಲೆ ನಿಲ್ಲಿಸಿದೆನು. ನನಗೆ ಯಾವ ರಬ್ಬಿಗಳ ಭಯವಿದ್ದಿತು? ಯಾರ ಮದುವೆ ನಿಲ್ಲುತ್ತಿದ್ದಿತು? ತರಗತಿಯ ನಗೆಯೊಂದನ್ನು ತಾಳದೆ ಹೋದೆನು, ಅಷ್ಟೆ. ಬೆಳಗ್ಗೆ ಇದನ್ನು ಸಾಬಾರವರಿಗೆ ಹೇಳಿದೆನು. ಅವರು ಸಮಾಧಾನದ ಮಾತೊಂದನ್ನೂ ಆಡದೆ, "ಆ ಹುಡುಗ ಬದುಕಿದ್ದಾನೆಯೇ?" ಎಂದು ಮಾತ್ರ ಕೇಳಿದರು.

ಹಬ್ಬದ ನಂತರ ಪಾಠಕ್ಕೆ ಬಂದವರು ಐದೇ ಮಂದಿ. ಪ್ರಶ್ನೆ ಕೇಳಿದ ಹುಡುಗನೂ ಬರಲಿಲ್ಲ. ರೆಬ್ಬೆಯವರು ಎಂದಿನಂತೆ ಪಾಠ ಹೇಳಿದರು. ಆದರೆ ಬಾಗಿಲ ಸದ್ದಾದಾಗಲೆಲ್ಲ ಅವರ ಮುಖ ಅತ್ತ ತಿರುಗುತ್ತಿದ್ದುದನ್ನು ನಾನು ಕಂಡೆನು. ಮೂರನೆಯ ವಾರದ ಒಂದು ರಾತ್ರಿ ಆ ಹುಡುಗನ ತಂದೆಯು ಒಬ್ಬನೇ ಬಂದನು. ಆತನೂ ಚಿಕ್ಕಂದಿನಲ್ಲಿ ರೆಬ್ಬೆಯವರ ಬಳಿ ಲೇವ್ಯಕಾಂಡವನ್ನು ಓದಿದವನು. ಕುಳಿತುಕೊಳ್ಳದೆಯೇ, "ನನಗೆ ಪಾಠ ಹೇಳಿದಾಗ ಇದು ನಿಮಗೆ ಗೊತ್ತಿದ್ದಿತೇ?" ಎಂದು ಕೇಳಿದನು.

"ಗೊತ್ತಿದ್ದಿತು" ಎಂದರು ರೆಬ್ಬೆ.

"ಹೇಳಲಿಲ್ಲವಲ್ಲ!"

"ನೀನು ಕೇಳಲಿಲ್ಲ. ನಾನು ಹೆದರಿದೆನು. ನಿನ್ನ ಮಗ ಕೇಳಿದನು."

ಆ ಮನುಷ್ಯನು ಬಹಳ ಹೊತ್ತು ನಿಂತೇ ಇದ್ದನು. ಕೊನೆಗೆ, ಮನೆಯಲ್ಲಿ ಮಗನು ಆ ಬರಹದ ಪುಸ್ತಕವನ್ನು ದಿಂಬಿನಡಿಯಲ್ಲಿಟ್ಟುಕೊಂಡು ಮಲಗುತ್ತಾನೆಂದು ಹೇಳಿ ಹೊರಟುಹೋದನು. ಮುಂದಿನ ವಾರ ಹುಡುಗನು ಬಂದನು. ಉಳಿದ ಐವರು ಬರಲೇ ಇಲ್ಲ.

ಸ್ಲಿಫ್ಕಿನ್‌ರವರು 2014ರಲ್ಲಿ ಬೇತ್ ಶೆಮೆಷ್ ಎಂಬ ಊರಿನಲ್ಲಿ ಬೈಬಲಿನ ಪ್ರಕೃತಿಚರಿತ್ರೆಯ ಸಂಗ್ರಹಾಲಯವೊಂದನ್ನು ಸ್ಥಾಪಿಸಿದರು. ತೋರಾದ ಪ್ರಾಣಿಗಳನ್ನು ಕಣ್ಣಾರೆ ಕಂಡು ಕಲಿಯಲು ಆಚಾರನಿಷ್ಠರ ಮಕ್ಕಳೂ ಅಲ್ಲಿಗೆ ಬರುತ್ತಾರೆ. ಮರುವರ್ಷದ ವಸಂತದಲ್ಲಿ ಜೆರುಸಲೇಮ್ ನಗರದೊಳಗೇ ಹುಲ್ಲೆಗಳಿಗೆಂದು ಒಂದು ಕಣಿವೆಯನ್ನು ಕಾಪಾಡಿ ಜನರಿಗೆ ತೆರೆದರು. ಸಾಬಾರವರನ್ನು ಅಲ್ಲಿಗೆ ನಾನೇ ಕರೆದೊಯ್ದೆನು. ಕಣ್ಣು ಬಹಳ ಮಂಜಾಗಿದ್ದಿತು. ಹುಲ್ಲೆಯೊಂದು ಬೇಲಿಯ ಬಳಿ ಬಂದಾಗ, ಅದರ ಕೊಂಬು ಹೇಗಿದೆಯೆಂದು ಹೇಳೆಂದರು. ಕವಲಿಲ್ಲ, ನೇರವಾಗಿ ಮೇಲೆದ್ದು ತುಸು ಬಾಗಿದೆ ಎಂದೆನು. "ಹಾಗಾದರೆ ನನ್ನ ತಂದೆಯೇ" ಎಂದು ನಕ್ಕರು. ಆ ವರ್ಷದ ಚಳಿಗಾಲದಲ್ಲಿ ಅವರು ತೀರಿಕೊಂಡರು.

ನಾನು ಊರಿಗೆ ಮರಳಿದ ಮೇಲೆ ಆ ಹಳೆಯ ವಿದ್ಯಾರ್ಥಿಯನ್ನು ವಿಚಾರಿಸಿಕೊಂಡು ಹೋದೆನು. ಅವನೀಗ ಮಲ್ಪೆಯಲ್ಲಿ ದೋಣಿಗಳ ಯಂತ್ರಗಳನ್ನು ದುರಸ್ತಿಮಾಡುತ್ತಾನೆ. ನನ್ನನ್ನು ಗುರುತಿಸಿ, ಕೈ ಒರಸಿಕೊಂಡು, ಚಹಾ ತರಿಸಿದನು. ಹಂಸದ ಪದ್ಯವನ್ನೂ ಹೆಬ್ಬಾತನ್ನೂ ನೆನಪಿಸಿದೆನು.

"ಹಂಸವೇ? ಅದು ನೆನಪಿಲ್ಲ ಮಾಸ್ಟ್ರೆ" ಎಂದನು. "ಬೆಂಚಿನ ಮೇಲೆ ನಿಂತದ್ದು ನೆನಪಿದೆ. ಯಾಕೆಂಬುದು ಮರೆತುಹೋಗಿದೆ."

ಯಾಕೆಂಬುದನ್ನು ಮೊದಲಿಂದ ಕಡೆಯವರೆಗೆ ಹೇಳಿದೆನು. ಅಂದು ಅವನು ಕಂಡದ್ದು ಸರಿಯೆಂದೂ, ತಪ್ಪು ನನ್ನದೆಂದೂ ಹೇಳಿದೆನು. ಅವನು ಏನೂ ಅನ್ನದೆ ಚಹಾದ ಲೋಟವನ್ನು ತಿರುಗಿಸುತ್ತ ಕುಳಿತಿದ್ದನು. ಆಮೇಲೆ ಶಾಲೆಯಿಂದ ಬಂದು ಅಲ್ಲಿಯೇ ಆಡುತ್ತಿದ್ದ ಮಗಳನ್ನು ಕರೆದು, "ಇಲ್ಲಿ ಬಾ. ಮಾಸ್ಟ್ರು ಹೇಳಿದ್ದನ್ನು ನೀನೂ ಕೇಳು" ಎಂದನು. ನಾನು ಅದನ್ನು ಇನ್ನೊಮ್ಮೆ ಮೊದಲಿಂದ ಹೇಳಿದೆನು.